ಅವರು ಎಂದರೆ ಯಾರು

ಮದ್ರಾಸು ಚೆನ್ನೈ ಆಗಿ ಮೂರ್ನಾಲ್ಕು ವರ್ಷ ಆಗಿರಬೇಕು. ನಾನಾಗ ಒಂದು ವಿಮಾ ಕಚೇರಿಯಲ್ಲಿದ್ದೆ. ಶನಿವಾರ ಮಧ್ಯಾಹ್ನ ಮನೆಗೆ ಹೋಗಿ ಮಲಗುವ ಬದಲು ಕೀಲ್ಪಾಕಿನ ಒಂದು ಮಹಡಿ ಕೋಣೆಗೆ ಹೋಗುತ್ತಿದ್ದೆ. ಮನೆಯಲ್ಲಿ ಹೊಡೆತ ತಿಂದ ಹೆಂಗಸರು, ಮನಸ್ಸು ಕುಸಿದವರು ಅಲ್ಲಿಗೆ ಬರುತ್ತಿದ್ದರು. ನಾವು ನಾಲ್ಕೈದು ಜನ ಅವರ ಮಾತು ಕೇಳುತ್ತಿದ್ದೆವು, ಡಾಕ್ಟರ ಹತ್ತಿರವೋ ವಕೀಲರ ಹತ್ತಿರವೋ ಜೊತೆಗೆ ಹೋಗುತ್ತಿದ್ದೆವು. ಅಷ್ಟೇ. ಇದರಿಂದ ಲೋಕ ಉದ್ಧಾರವಾಯಿತು ಎಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಕನ್ನಡದವರು ಬಂದರೆ ನನ್ನ ಪಾಲಿಗೆ. ನನ್ನ ಕನ್ನಡವೋ, ಮೂರು ತಲೆಮಾರು ಮದ್ರಾಸಿನಲ್ಲಿ ನೆನೆದದ್ದು. ಮೈಸೂರಿನ ನೆಂಟರು ಕೇಳಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಆದರೂ ಆ ಕೋಣೆಯಲ್ಲಿ ನಾನೇ ಪಂಡಿತೆ. ಹಾಳೂರಿಗೆ ಉಳಿದವನೇ ಗೌಡ.

ಹಾಗೆ ನನ್ನ ಪಾಲಿಗೆ ಬಂದ ಒಬ್ಬಾಕೆಯನ್ನು ಕರೆತಂದವಳು ಅವಳ ನಾದಿನಿ. ಮನೆ ರಾಯಪುರಂನಲ್ಲಿ. ಆಕೆ ಗದಗದ ಕಡೆಯವಳು, ಮೂವತ್ತರ ಆಸುಪಾಸು. ಗಂಡನ ಮನೆಯವರು ಇಲ್ಲೇ ಹುಟ್ಟಿ ಬೆಳೆದವರು. ಗಂಡನಿಗೆ ಮಣಲಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮದುವೆಯಾಗಿ ಬಂದು ವರ್ಷಗಳಾದರೂ ಆಕೆಗೆ ತಮಿಳು ಬರುತ್ತಿರಲಿಲ್ಲ. ಹೊಸ್ತಿಲು ದಾಟಿದ್ದರಲ್ಲವೇ ಬರುವುದು?

"ಅಣ್ಣಿಗೆ ವಾಯ್ಸಸ್ ಕೇಳ್ಸತ್ತೆ ಆಂಟಿ," ಎಂದಳು ನಾದಿನಿ. ಅತ್ತಿಗೆಯನ್ನು ತಮಿಳರ ಹಾಗೆ ಅಣ್ಣಿ ಎನ್ನುವವಳು. "ಡಾಕ್ಟರ್ ಹೇಳಿದಾರೆ. ಮಾತ್ರೆ ತಗೊಳ್ಳಲ್ಲ ಅಂತ ಒರೇ ಅಡಂ, ಬರೀ ಹಟ. ನೀವು ಕೊಂಜಂ ಹೇಳಿ."

ಅವಳನ್ನು ಹೊರಗೆ ಕೂರಿಸಿ, ಏನು ಕೇಳಿಸುತ್ತಮ್ಮಾ ಎಂದು ಆಕೆಯನ್ನು ಕೇಳಿದೆ.

"ಅವ್ರು ಬೈತಾರ್ರೀ ಅಕ್ಕಾರ. ಸಾಯಿ ಅಂತಾರ. ಕೈ ಹಿಡದು ಒಲಿ ಮ್ಯಾಲ ಇಡ್ತಾರ. ಅವ್ರು ಮನ್ಯಾಗ ಇಲ್ದಾಗೂ ಅವ್ರ ದನಿ ಕೇಳಸ್ತೈತ್ರಿ, ಎದಿ ಹಾರತೈತಿ."

ಅವರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಮದುವೆಯಾದ ಹೆಂಗಸು ತಲೆ ತಗ್ಗಿಸಿ 'ಅವ್ರು' ಎಂದರೆ ಯಾರೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಸೆರಗು ಸರಿಸಿ ತೋಳು ತೋರಿಸಿದಳು. ಹಳೆಯ ಕಲೆಗಳ ನಡುವೆ ಹೊಸವು ಇದ್ದವು.

ಆದದ್ದು ಇಷ್ಟು. ಡಾಕ್ಟರಿಗೆ ಕನ್ನಡ ಬಾರದು, ನಾದಿನಿಯೇ ತಮಿಳಿನಲ್ಲಿ ಹೇಳಿದ್ದಳು: 'ಅವಂಗ' ಬೈಯುತ್ತಾರೆ, 'ಅವಂಗ' ಸಾಯಿ ಎನ್ನುತ್ತಾರೆ. ಆ ಮಾತು ಮರ್ಯಾದೆಯ ಒಬ್ಬರಿಗೂ ಸಲ್ಲುತ್ತದೆ, ಹತ್ತು ಜನಕ್ಕೂ ಸಲ್ಲುತ್ತದೆ. ಯಾರವರು ಎಂದು ಡಾಕ್ಟರು ಕೇಳಿದಾಗ ನಾದಿನಿ ಉತ್ತರಿಸಲಿಲ್ಲ, ಆಕೆ ನೆಲ ನೋಡಿದಳು. ಇಲ್ಲದ ಜನರ ದನಿ ಕೇಳುತ್ತದೆ, ಕೈ ತಾನೇ ಸುಟ್ಟುಕೊಂಡಿದ್ದಾಳೆ ಎಂದು ತೀರ್ಮಾನವಾಯಿತು. ನಾದಿನಿ ತಿಳಿಯದೆ ಹಾಗೆ ಹೇಳಿದಳು ಎಂದು ನಂಬಲು ನಾನೇನು ಕಿವಿಗೆ ಹೂ ಇಟ್ಟುಕೊಂಡಿರಲಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ನಾನೂ ಹೋದೆ. ಡಾಕ್ಟರು ಕೆಟ್ಟವರಲ್ಲ, ದಣಿದವರು. ಅವಂಗ ಎಂದರೆ ಜನರಲ್ಲ, ಗಂಡ ಎಂದು ಬಿಡಿಸಿ ಹೇಳಿದೆ. ಹಾಗಿದ್ದರೆ ಆಕೆಯೇ ಹೆಸರು ಹೇಳಲಿ ಎಂದರು. ಹೇಳು ಎಂದೆ.

"ಅವ್ರ ಹೆಸರು ಹೇಳಬಾರದ್ರೀ, ಆಯುಷ್ಯ ಕಡಿಮಿ ಆಗತೈತಿ," ಎಂದಳು.

"ಆಗಲಿ ಬಿಡು!" ಎಂದು ಕಿರುಚಿಬಿಟ್ಟೆ. ಹೊರಗೆ ಕೂತಿದ್ದ ರೋಗಿಗಳೆಲ್ಲ ಬಾಗಿಲ ಕಡೆ ತಿರುಗಿದರು.

ಜೊತೆಗೆ ಬಂದು ಹೊರಗೆ ಕಾದಿದ್ದ ಗಂಡನನ್ನೇ ಡಾಕ್ಟರು ಒಳಗೆ ಕರೆದರು. ಕೈಯಲ್ಲಿ ಫ್ಲಾಸ್ಕು, ಹಣೆಯಲ್ಲಿ ನಾಮ, ಮೃದುವಾದ ತಮಿಳು. ಹೆಂಡತಿಗೆ ಕಾಫಿ ಬಗ್ಗಿಸಿ, ಆರಿಸಿ ಕೊಟ್ಟ. ಇವರೇನಾ ನಿನ್ನನ್ನು ಸುಡುವುದು ಎಂದು ಅವನ ಎದುರಿಗೇ ಕೇಳಿದರು. ಅಂಥ ಪ್ರಶ್ನೆಯನ್ನು ನಾನೇ ಕನ್ನಡಕ್ಕೆ ತಿರುಗಿಸಿದೆ. ಆಕೆ ಕಾಫಿಯ ಲೋಟ ಬಿಗಿಯಾಗಿ ಹಿಡಿದು, "ಇಲ್ರೀ. ಇವ್ರು ದೇವರಂಥಾವ್ರು," ಎಂದಳು. ಆಕೆಯ ತಲೆಯಲ್ಲಿ ಇಲ್ಲದ್ದನ್ನು ತುಂಬಬೇಡಿ ಎಂದು ಡಾಕ್ಟರು ನನಗೆ ಬುದ್ಧಿ ಹೇಳಿ ಕಳಿಸಿದರು.

ಕಾಯಿಲೆ ಇರಲಿಲ್ಲ ಎಂದು ನಾನು ಹೇಳಲಾರೆ. ಯಾರೂ ಇಲ್ಲದ ಮನೆಯಲ್ಲಿ ಆ ದನಿಗೆ ನಡುಗಿ ಮಂಚದ ಕೆಳಗೆ ಸೇರುವವಳಿಗೆ ಔಷಧಿ ಬೇಕೇ ಬೇಕಿತ್ತು. ಆದರೆ ಮೊದಲು ಆ ಮನೆ ಬಿಡಿಸಬೇಕಿತ್ತು. ಗಂಡನಿಂದ ತಪ್ಪಿಸಿಕೊಂಡವರನ್ನು ಇಟ್ಟುಕೊಳ್ಳುವ ಕಡೆ ವಿಚಾರಿಸಿದರೆ, ತಲೆ ಸರಿಯಿಲ್ಲದವರನ್ನು ಸೇರಿಸುವುದಿಲ್ಲ ಎಂದರು. ತಲೆ ಸರಿಯಿಲ್ಲದವರನ್ನು ಸೇರಿಸುವ ಕಡೆ ಕೇಳಿದರೆ, ಗಂಡನೇ ಬಂದು ಸಹಿ ಹಾಕಬೇಕು ಎಂದರು. ಕೊನೆಗೆ ಎಸ್‌ಟಿಡಿ ಬೂತಿನಿಂದ ಆಕೆಯ ಅಣ್ಣನಿಗೆ ಫೋನು ಮಾಡಿದೆ.

"ತಲಿ ಕೆಟ್ಟಾಕಿನ್ನ ಇಟ್ಕೊಂಡು ಬಾಳೇ ಮಾಡಾಕತ್ತಾರಲ್ರಿ, ಅದಕ್ಕ ದೊಡ್ಡ ಮನಸ್ಸು ಬೇಕು," ಎಂದ ಆತ. "ಅಕಿ ಮಾತು ಕಟ್ಕೊಂಡು ನೀವ್ಯಾಕ ಕುಣೀತೀರಿ?"

ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಎಂದು ಗಾದೆ ಮಾಡಿದವರು ಇವಳ ಮದುವೆ ನೋಡಿರಲಿಲ್ಲ. ಬೂತಿನ ಗಾಜಿನ ಬಾಗಿಲೊಳಗೆ ನಿಂತು ಅತ್ತೆ. ದುಃಖಕ್ಕಿಂತ ಸಿಟ್ಟಿಗೇ ಹೆಚ್ಚು ಅತ್ತೆ.

ಆಮೇಲೆ ಆಕೆಯನ್ನು ನಮ್ಮ ಕೋಣೆಗೆ ಕಳಿಸಲಿಲ್ಲ. ಮಳೆಗಾಲ ಕಳೆದ ಮೇಲೆ, ಗಂಡ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ರಾಯಪುರಂಗೆ ನಾನೇ ಹೋದೆ. ಗಲ್ಲಿಯ ತುಂಬ ಒಣಮೀನಿನ ವಾಸನೆ. ಬಾಗಿಲು ತೆಗೆದವಳ ಗುರುತು ಸಿಗಲಿಲ್ಲ, ಮುಖ ಅಷ್ಟು ಊದಿತ್ತು. ನಾಲಿಗೆ ತೊದಲುತ್ತಿತ್ತು, ಬೆರಳು ನಡುಗುತ್ತಿದ್ದವು. ನನ್ನನ್ನು ಕಂಡು ಖುಷಿಪಟ್ಟಳು. ಚಾಪೆ ಹಾಸಿ, ನೀರು ತಂದುಕೊಟ್ಟಳು. ಲೋಟ ಚಾಚಿದ ಕೈಯಲ್ಲಿ, ಮಣಿಕಟ್ಟಿನ ಮೇಲೆ, ಚರ್ಮ ಸುಲಿದು ಕೆಂಪಗೆ ಹಸಿಯಾಗಿತ್ತು.

"ಇದೇನಮ್ಮಾ? ಮತ್ತೆ ಅವರು..."

"ಅವ್ರು ಅಂತ ಯಾರೂ ಇಲ್ರೀ ಅಕ್ಕಾರ," ಎಂದಳು, ಪಾಠ ಒಪ್ಪಿಸುವವಳ ಹಾಗೆ. "ಡಾಕ್ಟರ್ ಹೇಳ್ಯಾರ. ಮನ್ಯಾಗ ಎಲ್ಲಾರೂ ಹೇಳತಾರ. ಎಲ್ಲಾ ನನಗ ಹಂಗ ಅನಸ್ತೈತಿ, ಅಷ್ಟ. ಗುಳಿಗಿ ತಪ್ಪಸಂಗಿಲ್ರಿ ಈಗ."

"ಈ ಗಾಯ?"

ಆಕೆ ಕೈ ತಿರುಗಿಸಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ನಿಮಗೂ ಕಾಣತೈತೇನ್ರೀ?"

ಕಾಣುತ್ತದಮ್ಮಾ, ಚೆನ್ನಾಗಿ ಕಾಣುತ್ತದೆ ಎಂದೆ.

ಆಕೆ ಹತ್ತಿರ ಸರಿದು ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನಿಜವಾದ ಮರುಕ ಇತ್ತು. "ಹಂಗಾರ ನೀವೂ ಒಮ್ಮೆ ಡಾಕ್ಟರಿಗೆ ತೋರಸ್ಕೋರಿ, ಅಕ್ಕಾರ," ಎಂದಳು.