ತನ್ನ ವಿಳಾಸಕ್ಕೆ ಬಂದ ತಂತಿ

ಚೀನಾದ ಗಾನ್ಸು ಪ್ರಾಂತ್ಯದ ನಮ್ಮ ಸಣ್ಣ ಊರಿನ ತಂತಿ ಕಚೇರಿಗೆ ಅಕ್ಷರಗಳು ಬರುತ್ತಿರಲಿಲ್ಲ, ಅಂಕಿಗಳು ಬರುತ್ತಿದ್ದವು. ನಮ್ಮ ಲಿಪಿಯಲ್ಲಿ ಒಂದು ಅಕ್ಷರವೆಂದರೆ ಹೆಚ್ಚುಕಡಿಮೆ ಒಂದು ಪದ; ಒಂದೊಂದು ಅಕ್ಷರಕ್ಕೆ ನಾಲ್ಕು ಅಂಕಿ. ಟಕಟಕ ಸದ್ದು ಕೇಳಿ ಅಂಕಿ ಬರೆದುಕೊಳ್ಳುವವನಿಗೆ ಸುದ್ದಿ ಏನೆಂದು ತಿಳಿಯುತ್ತಿರಲಿಲ್ಲ. ಆ ಹಾಳೆ ಲುವಾನ್ ಶುಜಿಂಗಳ ಮೇಜಿಗೆ ಬಂದು, ಅವಳು ಅಂಕಿಗಳ ಕೆಳಗೆ ಅಕ್ಷರ ಬರೆದಾಗಲೇ ಅದು ಮಾತಾಗುತ್ತಿತ್ತು. ಹಾಗಾಗಿ ಹೊರಗಿನ ಪ್ರತಿ ಸಾವೂ ಊರಿನಲ್ಲಿ ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ.

ಜನ ಅವಳ ಮುಖ ಓದಲು ಕಲಿತರು. ನೂಡಲ್ ಅಂಗಡಿಯಲ್ಲಿ ಅವಳು ಕೂತ ಬೆಂಚು ಖಾಲಿಯಾಗುತ್ತಿತ್ತು. ಮದುವೆಗೆ ಕರೆಯುವವರು ಕಡಿಮೆಯಾದರು. ಪಕ್ಕದ ಮನೆಯ ಯಾನಕ್ಕನ ಮಗ ಸೈನ್ಯದಲ್ಲಿದ್ದ. ಶುಜಿಂಗಳ ಹೆಜ್ಜೆ ಕೇಳಿದರೆ ಅವಳು ಬಾಗಿಲ ಪರದೆ ಇಳಿಸುತ್ತಿದ್ದಳು.

"ಸ್ವಲ್ಪ ನಕ್ಕೊಂಡು ಓಡಾಡಮ್ಮ," ಎಂದು ತಂತಿ ಹಂಚುವ ಫೆಂಗಣ್ಣ ಛೇಡಿಸುತ್ತಿದ್ದ.

"ಇವತ್ತು ನಕ್ರೆ, ನಾಳೆ ನಗದೇ ಇದ್ದಾಗ ಜನ ಎದೆ ಒಡ್ಕೋತಾರೆ. ಹೀಗೇ ಇರ್ಲಿ ಬಿಡು."

ಒಂದು ಬೆಳಿಗ್ಗೆ ಬಂದ ಹಾಳೆಯ ವಿಳಾಸ ಅವಳದೇ ಆಗಿತ್ತು. 3637: ಅಪ್ಪ. ಉಳಿದದ್ದನ್ನೂ ಅವಳು ಅಂಕಿ-ಅಕ್ಷರಗಳ ಸಂಕೇತ ಪುಸ್ತಕ ತೆರೆಯದೆ ಬರೆದಳು. ಅಪ್ಪನಿಗೆ ಜೀವಾಪಾಯ, ಬೇಗ ಬಾ.

ನಮ್ಮಲ್ಲಿ ಸತ್ತರು ಎಂದು ತಂತಿ ಕೊಡುವುದಿಲ್ಲ. ಮಕ್ಕಳು ದಾರಿಯಲ್ಲಿ ಕುಸಿದಾರು ಎಂದು, ಉಸಿರು ನಿಂತ ಮೇಲೂ ಜೀವಾಪಾಯ ಎಂದೇ ಕಳಿಸುತ್ತಾರೆ. ಕೆಲವೊಮ್ಮೆ ನಿಜವಾಗಿಯೂ ಉಸಿರಿರುತ್ತದೆ. ಆ ಕೆಲವೊಮ್ಮೆಯನ್ನು ಹಿಡಿದುಕೊಂಡೇ ಜನ ರೈಲು ಹತ್ತುತ್ತಾರೆ. ಹಾಗೆ ಹತ್ತಿದವರು ತೋಳಿಗೆ ಸೂತಕದ ಕಪ್ಪು ಪಟ್ಟಿ ಕಟ್ಟಿಕೊಂಡು ಹಿಂತಿರುಗುವುದನ್ನು ಶುಜಿಂಗ್ ಎಷ್ಟೋ ಸಲ ನೋಡಿದ್ದಳು. ಅಪ್ಪ ಬದುಕಿದ್ದಾನೆ ಎಂದು ದಾರಿಯುದ್ದಕ್ಕಾದರೂ ಅವಳು ನಂಬಬೇಕಿತ್ತು.

ಲಕೋಟೆ ಅಂಟಿಸಿ ಫೆಂಗಣ್ಣನಿಗೆ ಕೊಟ್ಟಳು. ಅವನು ವಿಳಾಸ ನೋಡಿದ.

"ಇಲ್ಲೇ ಇದೀಯಲ್ಲಮ್ಮ, ತಗೋ."

"ಬೇಡ. ಎಲ್ಲರಿಗೂ ಕೊಡೋ ಹಾಗೆ ತಂದು ಕೊಡು. ನಾನು ಮನೇಲಿರ್ತೀನಿ."

ಅವನು ಅವಳ ಮನೆಯ ಮುಂದೆ ಸೈಕಲ್ ಗಂಟೆ ಬಾರಿಸಿ, ಹೆಸರು ಕೂಗಿ, ಬಾಗಿಲಲ್ಲಿ ನಿಂತ. ಅವಳು ಲಕೋಟೆ ಒಡೆದು ಓದಿದಳು.

"ಏನಂತೆ?"

"ಅಪ್ಪಂಗೆ ತುಂಬ ಹುಷಾರಿಲ್ವಂತೆ."

ಫೆಂಗಣ್ಣ ಎಲ್ಲ ಬಾಗಿಲಲ್ಲೂ ಹೇಳುವುದನ್ನೇ ಹೇಳಿದ. "ಮುದುಕರ ಜೀವ ಗಟ್ಟಿ ಕಣಮ್ಮ. ನೀನು ಹೋಗೋ ಹೊತ್ತಿಗೆ ಎದ್ದು ಕೂತು ಗಂಜಿ ಕುಡೀತಿರ್ತಾರೆ. ಹೊರಡು."

"ಹೌದಾ ಫೆಂಗಣ್ಣ?"

"ಹೌದು."

ಗಂಟೆಯ ಸದ್ದಿಗೆ ಹೊರಬಂದಿದ್ದ ಯಾನಕ್ಕ ಒಳಗೆ ಹೋಗಿ, ಬೇಯಿಸಿದ ಮೊಟ್ಟೆಗಳನ್ನು ಬಟ್ಟೆಯಲ್ಲಿ ಕಟ್ಟಿ ತಂದಳು. ಶುಜಿಂಗಳ ಮುಖವನ್ನು ನೇರವಾಗಿ ನೋಡಿದಳು.

"ದಾರೀಲಿ ತಿನ್ನು. ಎರಡು ನಿಮ್ಮಪ್ಪಂಗೆ."

ರೈಲಿನಲ್ಲಿ ಶುಜಿಂಗ್ ತನ್ನ ಪಾಲಿನದನ್ನಷ್ಟೇ ತಿಂದಳು. ಉಳಿದೆರಡನ್ನು ಒಡೆಯದಂತೆ ಮಡಿಲಲ್ಲಿಟ್ಟುಕೊಂಡು ಕೂತಳು. ಎಲ್ಲಿಗೆ ಹೊರಟಿದ್ದು ಎಂದು ಎದುರಿಗಿದ್ದ ಹೆಂಗಸು ಕೇಳಿದಾಗ, "ಅಪ್ಪನ್ನ ನೋಡೋಕೆ," ಎಂದಳು.