ನೇಪಲ್ಸಿನಲ್ಲಿ ಅಕ್ಕನ ಹಿಂದೆ

ನೇಪಲ್ಸ್ ನಗರದ ಒಂದು ರಸ್ತೆ ದಾಟಲಾಗದೆ ಕಾಲು ಗಂಟೆ ಅಂಚಿನಲ್ಲೇ ನಿಂತಿದ್ದೆ ಎಂಬುದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ತಿ. ನರಸೀಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಹೇಳಿಕೊಟ್ಟವನು ನಾನು. ಇಟಲಿಯ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆ ನಕ್ಷೆಯಲ್ಲಿ ಸ್ಕೂಟರುಗಳಿರಲಿಲ್ಲ, ಅಷ್ಟೆ.

ಜೊತೆಗಿದ್ದವಳು ನಮ್ಮಕ್ಕ ಜಯಮ್ಮ. ಬಿಳಿಗೆರೆಯಲ್ಲಿ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ನಾನು ಗುಂಪು ಪ್ರವಾಸಕ್ಕೆ ಹೆಸರು ಕೊಟ್ಟಾಗ, ಒಬ್ಬನೇ ಹೋದರೆ ಇವನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ತಾನೂ ಹೊರಟುಬಂದಿದ್ದಳು. ನಾನು ಕೆಂಪು ದೀಪ, ಬಿಳಿ ಪಟ್ಟೆಗಳಲ್ಲಿ ನಂಬಿಕೆಯಿಟ್ಟು ಕಾಯುತ್ತಿದ್ದರೆ, ಅವಳು ಸೆರಗು ಸಿಕ್ಕಿಸಿ, ಒಂದು ಕೈಯೆತ್ತಿ ಇಳಿದೇಬಿಟ್ಟಳು.

"ನಿಂತ್ಕಂಡ್ರೆ ಅವ್ರೂ ನಿಲ್ಸಕಿಲ್ಲ ಕಣ್ಲಾ. ನಡೀತಾ ಇರು, ಅವ್ರೇ ಪಕ್ಕಕ್ಕೋಯ್ತರೆ."

ಹೋದರು ಕೂಡ.

ಆ ಊರನ್ನು ಕಟ್ಟಿದ ಗ್ರೀಕರು ಅದಕ್ಕಿಟ್ಟ ಹೆಸರಿನ ಅರ್ಥ 'ಹೊಸ ಊರು'. ಎರಡೂವರೆ ಸಾವಿರ ವರ್ಷ ಕಳೆದರೂ ಅದು ಹೊಸೂರೇ. ನಮ್ಮ ಸೋಮನಾಥಪುರದಲ್ಲಿ ಹುಲ್ಲುಹಾಸಿನ ನಡುವೆ ದೇವಸ್ಥಾನ ಮೌನವಾಗಿ ಕೂತಿರುತ್ತದೆ; ನಾವೂ ಪಿಸುದನಿಯಲ್ಲಿ ಮಾತಾಡುತ್ತೇವೆ. ಇಲ್ಲಿ ಚರ್ಚಿನ ಗೋಡೆಗೆ ಒರಗಿ ಮೀನು ಮಾರುತ್ತಾರೆ, ಮೇಲೆ ಹಗ್ಗದಲ್ಲಿ ಬನಿಯನ್ನುಗಳು ಒಣಗುತ್ತಿರುತ್ತವೆ. ಚರಿತ್ರೆಗೆ ಇಷ್ಟೊಂದು ಸಲಿಗೆ ಕೊಡಬಹುದೆಂದು ನನಗೆ ಗೊತ್ತಿರಲಿಲ್ಲ.

ಈ ಬೆರಗಿನಲ್ಲೇ ಎಡವಟ್ಟಾಯಿತು. ಹತ್ತೇ ನಿಮಿಷವೆಂದು ಅಕ್ಕನನ್ನು ಪುಸಲಾಯಿಸಿ, ಗುಂಪನ್ನು ಬಿಟ್ಟು, ಒಂದು ಹಳೆಯ ಚರ್ಚು ನೋಡಲು ಗಲ್ಲಿಯೊಳಗೆ ನುಗ್ಗಿದೆ. ಹೊರಗೆ ಬಂದರೆ ಫೋನು ಸತ್ತಿತ್ತು. ಮೂರು ಸಲ ಸುತ್ತಿ ಮೂರು ಸಲವೂ ಅದೇ ಚರ್ಚಿನ ಮುಂದೆ ಬಂದು ನಿಂತೆವು. ನಾಲ್ಕು ಗಂಟೆಗೆ ನಮ್ಮ ನೀಲಿ ಬಸ್ಸು ರೋಮಿಗೆ ಹೊರಡುವುದಿತ್ತು. ನಮ್ಮ ಪಾಸ್‌ಪೋರ್ಟುಗಳೂ ಅದರಲ್ಲೇ. ಅಕ್ಕನ ಮಂಡಿ ನೋವು ಜೋರಾಯಿತು. ಕಂಡಕಂಡವರನ್ನೆಲ್ಲ ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲರೂ ಪ್ರೀತಿಯಿಂದಲೇ, ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು.

ತಿರುಗಿ ನೋಡಿದರೆ ಅಕ್ಕ ಒಂದು ಮನೆಯ ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮನೆಯ ಮುದುಕಿ, ನಮ್ಮ ಅವರೆಗೆ ನೆಂಟನಂಥ ದಪ್ಪ ಕಾಯಿಗಳನ್ನು ಸುಲಿಯುತ್ತಿದ್ದರು. ಅಕ್ಕ ಕೇಳದೆಯೇ ಒಂದು ಹಿಡಿ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದ್ದಳು. ಅವರದು ಇಟಾಲಿಯನ್, ಇವಳದು ಬಿಳಿಗೆರೆ ಕನ್ನಡ. ಮಂಡಿ ನೋವು, ಸೊಸೆಯಂದಿರು, ತರಕಾರಿಯ ರುಚಿ ಕೆಟ್ಟಿರುವುದು, ಎಲ್ಲವೂ ಮಾತಿಗೆ ಬಂದವೆಂದು ಅಕ್ಕ ಆಮೇಲೆ ಹೇಳಿದಳು. ನಾನು ಗಡಿಯಾರ ತೋರಿಸಿ ಅವಸರಪಡಿಸಿದೆ. ಅಕ್ಕ ಕೈಯಲ್ಲಿ ಸ್ಟೇರಿಂಗು ತಿರುಗಿಸಿ, ಬಾಯಲ್ಲಿ ಹಾರನ್ ಹೊಡೆದು, ನೀಲಿ ಬಣ್ಣಕ್ಕೆ ನನ್ನ ಅಂಗಿ ಮುಟ್ಟಿ ತೋರಿಸಿದಳು. ಮುದುಕಿಗೆ ತಕ್ಷಣ ಅರ್ಥವಾಯಿತು. ಆದರೂ ಕಾಫಿ ಕುಡಿಸದೆ ಬಿಡಲಿಲ್ಲ.

ಆಮೇಲೆ ಅವರು ಅಕ್ಕನ ಕೈ ಹಿಡಿದು ಗಲ್ಲಿಗಳಲ್ಲಿ ಹೊರಟರು. ನಾನು ಹಿಂದೆ. ಐದೇ ನಿಮಿಷಕ್ಕೆ ಪ್ರವಾಸಿ ಬಸ್ಸುಗಳು ನಿಲ್ಲುವ ದೊಡ್ಡ ರಸ್ತೆ, ಅದರಾಚೆ ನಮ್ಮ ನೀಲಿ ಬಸ್ಸು. ಇಬ್ಬರು ಹೆಂಗಸರೂ ಅಕ್ಕಪಕ್ಕ ನಡೆಯುತ್ತ ರಸ್ತೆಗಿಳಿದರು. ನಗರವೇ ಪಕ್ಕಕ್ಕೆ ಸರಿಯಿತು.

ಗುಂಪನ್ನು ಕರೆತಂದಿದ್ದ ಮೈಸೂರಿನ ಹುಡುಗಿ ಅಳುವುದೊಂದೇ ಬಾಕಿ. ದಾರಿ ತಪ್ಪಿದೆವೆಂದು ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅಕ್ಕ ಬಿಡಲಿಲ್ಲ.

"ಕಳ್ದೋಗಿರ್ನಿಲ್ಲ ಕಣವ್ವ, ಒಬ್ರ ಮನೆ ತಾವ ಕೂತಿದ್ದೊ," ಎಂದಳು.

ಈಗ ಊರಿನಲ್ಲಿ ಯಾರಾದರೂ ಇಟಲಿಯ ಬಗ್ಗೆ ಕೇಳಿದರೆ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಅವಳು ಹೇಳುವಾಗ ನಾನೂ ಪಕ್ಕದಲ್ಲಿ ಕೂತು ಕೇಳುತ್ತೇನೆ. ಪ್ರತಿ ಸಲವೂ ಆ ಊರು ಇನ್ನೊಂದಿಷ್ಟು ಚೆನ್ನಾಗಿರುತ್ತದೆ.