ಆಕ್ಸಲ್ಲಿನ ಮುಖಕ್ಕೆ ಪೌಡರು

ಕುರುಬರಹಳ್ಳಿಯ ನಮ್ಮ ಮನೆಯ ಅಂಗಳದಲ್ಲಿ, ಗೇಟಿನಿಂದ ನಾಲ್ಕು ಹೆಜ್ಜೆ ಒಳಗೆ, ರೊಟ್ಟಿಯಗಲದ ಒಂದು ಕಪ್ಪು ಕಲೆಯಿದೆ. ಸೋಪಿನ ಪುಡಿ, ಸೀಮೆಎಣ್ಣೆ, ತೆಂಗಿನ ನಾರು, ಬೈಗುಳ ಎಲ್ಲವನ್ನೂ ಬಳಸಿ ಉಜ್ಜಿ ಅಮ್ಮ ಸೋತಿದ್ದಾಳೆ. ಕಲೆಯ ಒಡೆಯ ಅಪ್ಪನ ಹಳೆಯ, ಎರಡು ಸಾಲು ಸೀಟಿನ ಫೋರ್ ವೀಲ್ ಡ್ರೈವ್ ಪಿಕಪ್. ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವುದರಿಂದ ಎಂಥ ಕೆಸರಿನಲ್ಲೂ ಹೂತುಹೋಗದ ಗಾಡಿ. ಹೊಲವಿದ್ದ ಕಾಲದಲ್ಲಿ ನಮ್ಮವರ ಬಳಿ ಎತ್ತಿನ ಗಾಡಿಯಷ್ಟೇ ಇತ್ತಂತೆ. ಹೊಲವೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮೂರಂತಸ್ತಿನ ಮನೆಗಳಾಗಿ, ಉಳುವುದಕ್ಕೆ ಅಂಗೈಯಗಲ ಮಣ್ಣೂ ಉಳಿಯದಾದ ಮೇಲೆ ಅಪ್ಪ ಇದನ್ನು ಕೊಂಡರು. ಈಗ ಅದು ನಮ್ಮ ಬೀದಿಯ ರೋಡ್ ಹಂಪುಗಳನ್ನು ಮಹಾಶೌರ್ಯದಿಂದ ಏರಿಳಿಯುತ್ತದೆ.

ಸೋರುವ ಗಾಡಿಯ ಕೆಳಗೆ ನೀವು ಎಂದಾದರೂ ಬಗ್ಗಿ ನೋಡಿದ್ದೀರೋ ಇಲ್ಲವೋ ತಿಳಿಯದು. ಮುಂದಿನ ಎರಡು ಚಕ್ರಗಳ ನಡುವೆ ಆಕ್ಸಲ್ ಎಂಬ ಕಬ್ಬಿಣದ ತೊಲೆಯೊಂದು ಅಡ್ಡಲಾಗಿ ಮಲಗಿರುತ್ತದೆ. ಅದರ ಹೊಟ್ಟೆಯಲ್ಲಿ ಸ್ವಂತದ್ದಾದ ದಪ್ಪ ಗೇರ್ ಆಯಿಲ್ ಇರುವುದು ನಿಜ. ಆದರೆ ಮೇಲಿನ ಎಂಜಿನ್ ಸೋರಿದರೂ, ಪಕ್ಕದ ಸ್ಟೀರಿಂಗ್ ಸೋರಿದರೂ, ಎಲ್ಲವೂ ಇಳಿದು ಬಂದು ತೊಟ್ಟಿಕ್ಕುವುದು ಇದರ ಮೇಲಿನಿಂದಲೇ. ಎಲ್ಲರಿಗಿಂತ ಕೆಳಗಿರುವವರ ಮೇಲೆ ಎಲ್ಲರ ತಪ್ಪೂ ಬೀಳುವ ಪದ್ಧತಿ ಮನೆ, ಕಚೇರಿ, ಕಬ್ಬಿಣ ಎಂಬ ಭೇದವಿಲ್ಲದೆ ನಡೆದುಬಂದಿದೆ. ನಮ್ಮ ಬೀದಿಯಲ್ಲೂ ಎರಡು ವರ್ಷಗಳಿಂದ ಒಂದೇ ತೀರ್ಪು: "ಆಕ್ಸಲ್ ಆಯಿಲ್ ಅಷ್ಟೇ ಬಿಡಿ, ಏನೂ ಆಗಲ್ಲ."

ಆ ವಾರ ಮಾತ್ರ ಏನೂ ಆಗಲ್ಲ ಎಂಬ ಮಾತು ನನಗೆ ಸಾಲಲಿಲ್ಲ. ಭಾನುವಾರ ಅಜ್ಜಿಯ ಹರಕೆ ತೀರಿಸಲು ಅದೇ ಗಾಡಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಆ ದಾರಿಯ ತಿರುವುಗಳನ್ನು ಬಲ್ಲವರಿಗೆ ಬ್ರೇಕಿನ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಗುರುವಾರ ಪೂಜಾ ಸಾಮಾನು ತರಲು ಗಾಡಿಯನ್ನು ವಿಜಯನಗರಕ್ಕೆ ಒಯ್ದಾಗ ಬ್ರೇಕ್ ಪೆಡಲ್ ಎಂದಿಗಿಂತ ಎರಡು ಬೆರಳು ಹೆಚ್ಚು ಆಳಕ್ಕೆ ಹೋದಂತೆ ಅನ್ನಿಸಿತು. ಬಂದು ಅಪ್ಪನಿಗೆ ಹೇಳಿದೆ.

"ಹಳೇ ಗಾಡಿ ಕಣಮ್ಮ. ನಂಗೂ ಮಂಡಿ ಆಳಕ್ಕೇ ಹೋಗುತ್ತೆ, ನಡೀತಿಲ್ವಾ?" ಎಂದರು.

ಬಗ್ಗಿ ನೋಡೋಣವೆಂದರೆ ಗಾಡಿಯ ಅಡಿಯೆಲ್ಲ ಎಣ್ಣೆಸ್ನಾನ ಮಾಡಿ ಕೂತಿತ್ತು. ದೇವರ ಕಡೆಗೆ ಹೊರಟ ಗಾಡಿಯೆಂದು ಅಪ್ಪ ಹಿಂದಿನ ದಿನವಷ್ಟೇ ವಾಟರ್ ಸರ್ವೀಸ್ ಮಾಡಿಸಿದ್ದರು. ಆ ಅಂಗಡಿಯವರು ನೀರು ಹೊಡೆದಾದ ಮೇಲೆ, ತುಕ್ಕು ಹಿಡಿಯದಿರಲೆಂದು, ಅಡಿಗೆಲ್ಲ ಹಳೆಯ ಎಣ್ಣೆಯನ್ನು ಧಾರಾಳವಾಗಿ ಸಿಂಪಡಿಸುತ್ತಾರೆ. ಹಾಗಾಗಿ ಸೋರುವ ಜಾಗ, ಸೋರದ ಜಾಗ ಎರಡೂ ಒಂದೇ ಬಗೆಯಲ್ಲಿ ಮಿನುಗುತ್ತ ತೊಟ್ಟಿಕ್ಕುತ್ತಿದ್ದವು. ನೆಂಟರು ಬರುವ ಮುನ್ನ ಗೋಡೆಯ ತೇವದ ಮೇಲೆ ಸುಣ್ಣ ಬಳಿಯುವ ಜನ ನಾವು. ನೀರು ಎಲ್ಲಿಂದ ಒಸರುತ್ತಿದೆಯೆಂದು ಆಮೇಲೆ ಗೋಡೆಗೂ ನೆನಪಿರುವುದಿಲ್ಲ.

ನಾನು ಐದು ವರ್ಷ ರಸಾಯನಶಾಸ್ತ್ರ ಓದಿದವಳು. ಅದರಿಂದ ಕಲಿತದ್ದು ಇಷ್ಟೇ: ಪರೀಕ್ಷೆಗೆ ಮೊದಲು ಪಾತ್ರೆ ತೊಳೆಯಬೇಕು. ಗುರುವಾರ ಸಂಜೆ ಹಳೆಯ ಚೂಡಿದಾರ್ ಹಾಕಿಕೊಂಡು ಗಾಡಿಯ ಕೆಳಗೆ ನುಸುಳಿ, ಆಕ್ಸಲ್ಲನ್ನೂ ಚಕ್ರಗಳ ಒಳಮೈಯನ್ನೂ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಹೊಸದಾಗಿ ಬಿದ್ದ ತೇವ ಎದ್ದು ಕಾಣಲೆಂದು ಬಿಳಿಯ ಪೌಡರು ಬಳಿದೆ. ಮನೆಯಲ್ಲಿ ಸಿಕ್ಕಿದ್ದು, ಹುಡುಗನ ಕಡೆಯವರು ನೋಡಲು ಬಂದಾಗ ನನ್ನ ಮುಖಕ್ಕಿರಲೆಂದು ಅಮ್ಮ ತಂದಿಟ್ಟ ಡಬ್ಬ. ಒಪ್ಪುವ ಮುಖಕ್ಕೆ ಒಪ್ಪಿತು ಎಂದುಕೊಂಡೆ. ಗಾಡಿಯಡಿ ದಿನಪತ್ರಿಕೆ ಹಾಸಿ, ಬೆಳಿಗ್ಗೆ ಅಂಗಳಕ್ಕೆ ಪೈಪು ಬಿಡಬೇಡವೆಂದು ಅಮ್ಮನನ್ನು ಕೇಳಿದೆ.

"ಶುಕ್ರವಾರ ಅಂಗಳ ತೊಳೀಬೇಡ ಅಂತೀಯಲ್ಲೇ! ಲಕ್ಷ್ಮಿ ಬರೋ ದಾರಿ ಅದು."

"ಗಾಡಿ ಕೆಳಗಿಂದ ನುಸುಳ್ಕೊಂಡು ಬರಲ್ಲಮ್ಮ ಅವಳು."

"ಬಾಯಿ ಜಾಸ್ತಿ ಆಯ್ತು ನಿಂಗೆ. ಅದಿರ್ಲಿ, ಆ ಪೌಡರ್ ಡಬ್ಬ ಎಲ್ಲೇ?"

ನಾನು ಮಾತನ್ನು ಮತ್ತೆ ಅಂಗಳಕ್ಕೇ ತಿರುಗಿಸಿದೆ. ಗಾಡಿಯಡಿಯ ಜಾಗ ಬಿಟ್ಟು ಉಳಿದದ್ದನ್ನು ತೊಳೆಯುವುದೆಂದು ಒಪ್ಪಂದವಾಯಿತು.

ಶುಕ್ರವಾರ ಬೆಳಿಗ್ಗೆ ನೋಡಿದರೆ, ಆಕ್ಸಲ್ಲಿನ ನಡುವಿನಿಂದ ಪೌಡರನ್ನು ಸೀಳಿಕೊಂಡು ಕಪ್ಪಗಿನ ದಪ್ಪ ಗೆರೆಯೊಂದು ಇಳಿದಿತ್ತು. ಮೂಸಿದರೆ ಕೊಳೆತ ಮೊಟ್ಟೆಯಂಥ ವಾಸನೆ: ಗೇರ್ ಆಯಿಲ್, ನಮ್ಮ ಹಳೆಯ ಪರಿಚಯದ್ದು. ಬೇರೆಲ್ಲೂ ತೇವವಿಲ್ಲ. ಬೀದಿಯವರ ತೀರ್ಪೇ ಸರಿಯೆಂದು ಏಳಲಿದ್ದವಳು, ಪೆಡಲಿನ ಆಳ ನೆನಪಾಗಿ, ಗಾಡಿ ಹತ್ತಿ ಬ್ರೇಕನ್ನು ಇಪ್ಪತ್ತು ಸಲ ಒತ್ತಿ, ಮತ್ತೆ ಬಗ್ಗಿದೆ. ಎಡಚಕ್ರದ ಒಳಬದಿಯಲ್ಲಿ, ಕಣ್ಣೀರಿಳಿದ ಕೆನ್ನೆಯಂತೆ, ತೆಳ್ಳನೆಯ ಗೆರೆಯೊಂದು ಮೂಡಿತ್ತು. ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಒತ್ತಿದರೆ ಮಾತ್ರ ಸೋರುವಂಥದ್ದು.

ಎರಡು ಸ್ಟೀಲ್ ಬಟ್ಟಲುಗಳಲ್ಲಿ ನೀರು ತುಂಬಿ, ಒಂದಕ್ಕೆ ಕಪ್ಪಿನ ಹನಿ, ಇನ್ನೊಂದಕ್ಕೆ ಬಣ್ಣವಿಲ್ಲದ ಹನಿ ಬಿಟ್ಟೆ. ಕಪ್ಪು ನೀರಿನ ಮೇಲೆ ಠೀವಿಯಿಂದ ತೇಲಿತು. ಇನ್ನೊಂದು ಕದಡಿದೊಡನೆ ಗುರುತಿಲ್ಲದಂತೆ ಬೆರೆತುಹೋಯಿತು. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ; ಬ್ರೇಕ್ ಆಯಿಲ್ ಎಂಬುದು ಹೆಸರಿಗೆ ಮಾತ್ರ ಎಣ್ಣೆ, ಅದು ಕರಗುತ್ತದೆ. ಆಗ ನನಗೆ ಅಂಗಳದ ಚರಿತ್ರೆ ಅರ್ಥವಾಯಿತು. ಅಮ್ಮ ದಿನವೂ ಬೆಳಿಗ್ಗೆ ಬಿಡುತ್ತಿದ್ದ ನೀರು ಪ್ರಾಣಕ್ಕೆ ಎರವಾಗುವ ಸೋರಿಕೆಯನ್ನು ಮೋರಿಗೆ ಕಳಿಸಿ, ನಿರುಪದ್ರವಿಯನ್ನು ನಮ್ಮೆಲ್ಲರ ಚರ್ಚೆಗೆಂದು ಉಳಿಸುತ್ತಿತ್ತು. ಕಲೆ ಬಿಡುವವರನ್ನು ಕುರಿತೇ ನಾವು ಮಾತಾಡುತ್ತೇವೆ. ಕಲೆ ಬಿಡದವರನ್ನು ಒಳ್ಳೆಯವರೆನ್ನುತ್ತೇವೆ.

ಬಟ್ಟಲುಗಳನ್ನು ಅಪ್ಪನ ಕಾಫಿಯ ಪಕ್ಕದಲ್ಲಿಟ್ಟು ವಿವರಿಸಿದೆ. ಅವರು ಬಗ್ಗಿ ನೋಡಿದರು, ಆದರೆ ಬೆರಗಾಗಲಿಲ್ಲ.

"ಅದಾ? ಬ್ರೇಕ್ ಆಯಿಲ್ ಒಂಚೂರು ಕುಡಿಯುತ್ತೆ ಕಣಮ್ಮ. ಹದಿನೈದು ದಿನಕ್ಕೊಂದ್ಸಲ ನಾನೇ ಬಾನೆಟ್ ಎತ್ತಿ ಅದರ ಡಬ್ಬಿಗೆ ಹಾಕ್ತೀನಲ್ಲ."

"ಎಷ್ಟು ದಿನದಿಂದ?"

"ದಸರಾದಿಂದ ಇರ್ಬೇಕು. ಅದನ್ನೇನು ಎಲ್ರಿಗೂ ಹೇಳ್ಕೊಂಡು ತಿರುಗ್ಲಾ?"

ಮನೆಯಲ್ಲಿ, ಹೇಳಬೇಕಾದ್ದನ್ನು ಹೇಳದವಳೆಂಬ ಆಪಾದನೆ ಹೊತ್ತವಳು ನಾನು. ಗುಣ ಎಲ್ಲಿಂದ ಇಳಿದು ಬಂದಿದೆಯೆಂದು ಆ ಕ್ಷಣ ಕಾಣಿಸಿತು.

"ಅದು ಕುಡಿಯಲ್ಲ ಅಪ್ಪ, ಸೋರ್ತಾ ಇದೆ. ಬೆಟ್ಟ ಇಳಿಯೋವಾಗ ಪೂರ್ತಿ ಹೋದ್ರೆ?"

"ಭಾನುವಾರ ಅಂತ ಚಿಕ್ಕಪ್ಪನ ಮನೆಯವ್ರಿಗೆಲ್ಲ ಹೇಳಾಗಿದೆ. ಈಗ ಹೋಗಿ ಪೌಡರ್ ಹಚ್ಚಿ ನೋಡಿದ್ವಿ, ಗಾಡಿ ಸರಿಯಿಲ್ಲ ಅನ್ಲಾ?"

"ಅಜ್ಜಿ ಮುಂದಿನ ಸೀಟಲ್ಲಿ ಕೂರ್ತಾಳೆ ಅಪ್ಪ," ಎಂದೆ.

ಅಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಸುಂಕದಕಟ್ಟೆಯ ಮೆಕ್ಯಾನಿಕ್ ಬಾಬಣ್ಣನಿಗೆ ಫೋನ್ ಮಾಡಿದರು. ಮಧ್ಯಾಹ್ನ ಬಂದ ಬಾಬಣ್ಣ ಎಡಚಕ್ರ ಬಿಚ್ಚಿ, ಒಳಗಿನ ರಬ್ಬರಿನ ಬ್ರೇಕ್ ಪೈಪನ್ನು ಬಾಗಿಸಿ ಹಿಡಿದು, ಅಪ್ಪನಿಗೆ ಪೆಡಲ್ ಒತ್ತಲು ಹೇಳಿದ. ಕೂದಲೆಳೆಯಷ್ಟಿದ್ದ ಬಿರುಕು ಬಾಯ್ತೆರೆದು ಹನಿ ಉಗುಳಿತು.

"ಯಜಮಾನ್ರೇ, ಇದು ಬೆಟ್ಟ ಏನೋ ಹತ್ತಿಬಿಡ್ತಿತ್ತು. ಇಳೀತಿತ್ತೋ ಇಲ್ವೋ ಮಾದಪ್ಪನೇ ಹೇಳ್ಬೇಕು. ಯಾರು ಕಂಡುಹಿಡಿದಿದ್ದು?"

"ಪೆಡಲ್ ಆಳಕ್ಕೆ ಹೋಗ್ತಿತ್ತಲ್ಲ, ನಂಗೆ ಮೊದ್ಲೇ ಡೌಟಿತ್ತು," ಎಂದರು ಅಪ್ಪ.

ಬಾಬಣ್ಣ ಪೌಡರು ಮೆತ್ತಿದ ಆಕ್ಸಲ್ಲನ್ನೂ, ಅದೇ ಪೌಡರು ಮೆತ್ತಿದ ನನ್ನ ಮೊಣಕೈಯನ್ನೂ ಒಮ್ಮೆ ನೋಡಿ, ನಕ್ಕು, ಎರಡೂ ಕಡೆಗೆ ಹೊಸ ಪೈಪು ಹಾಕಿ, ಬ್ರೇಕಿನ ಪೈಪುಗಳೊಳಗೆ ಸೇರಿದ್ದ ಗಾಳಿ ತೆಗೆದು ಹೋದ. ಗೇರ್ ಆಯಿಲಿನ ಸೋರಿಕೆಗೆ ಆಕ್ಸಲ್ಲನ್ನೇ ಬಿಚ್ಚಬೇಕಿತ್ತು. ಅದನ್ನು ಮುಂದಿನ ತಿಂಗಳಿಗೆ ಬಿಟ್ಟೆವು. ಶನಿವಾರ ಎದುರುಮನೆಯ ಆಂಟಿ ಗೇಟಿಗೊರಗಿ, "ಅಷ್ಟೆಲ್ಲ ರಿಪೇರಿ ಮಾಡ್ಸಿದ್ರಿ, ಇನ್ನೂ ಸೋರ್ತಾನೇ ಇದ್ಯಲ್ಲ!" ಎಂದು ಮರುಗಿದರು.

ಭಾನುವಾರ ಹರಕೆ ತೀರಿತು. ಇಳಿಯುವಾಗ ಒಂದೊಂದು ತಿರುವಿನಲ್ಲೂ ಅಪ್ಪನ ಕಾಲು ಪೆಡಲಿನ ಮೇಲೆ ಹೋಗುವುದನ್ನು ಹಿಂದಿನ ಸೀಟಿನಿಂದ ನೋಡುತ್ತ ಕೂತೆ. ಅಜ್ಜಿ ಮುಂದೆ ಬಾಯಿ ತೆರೆದು ನಿದ್ದೆಹೋಗಿದ್ದಳು. ಬೆಟ್ಟದ ಬುಡದಲ್ಲಿ, ಚಹಾದಂಗಡಿಯ ಮುಂದೆ, ಅಪ್ಪ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದರು. ಪಕ್ಕದಲ್ಲಿ ಚಿಕ್ಕಪ್ಪ ನಿಂತಿದ್ದ. ಅವನನ್ನು ಬಿಟ್ಟು ನನ್ನನ್ನು ಕರೆದರು.

"ಬಾಮ್ಮ ಇಲ್ಲಿ. ಬ್ರೇಕ್ ಆಯಿಲ್ ಡಬ್ಬೀಲಿ ಎಷ್ಟಿದೆ ನೋಡು. ನಾನು ಕನ್ನಡಕ ತಂದಿಲ್ಲ."

ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು. ನಾನು ಬಗ್ಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

"ಇದ್ದಷ್ಟೇ ಇದೆ, ಅಪ್ಪ."